ತಂಗಿ ಬಿ.ಕಾಂ. ಸೇರಿದ್ದಾಳೆ, ಕಿವಿ ಕೇಳಿಸುವುದಿಲ್ಲ. ಕ್ಲಾಸಿಗೆ ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಸಿಗುತ್ತಾರಾ?

#1 ಹೇಮಾವತಿ_ದಂಡೆ

ಎಲ್ಲರಿಗೂ ನಮಸ್ಕಾರ. ಇಲ್ಲಿ ಮೊದಲ ಸಲ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದವಾಗಬಹುದು.

ನನ್ನ ತಂಗಿಗೆ ಹುಟ್ಟಿದಾಗಿನಿಂದ ಕಿವಿ ಕೇಳಿಸುವುದಿಲ್ಲ. ಹತ್ತನೇ ಕ್ಲಾಸಿನವರೆಗೆ ಕಿವುಡ ಮಕ್ಕಳ ವಸತಿ ಶಾಲೆಯಲ್ಲಿದ್ದಳು. ಟೀಚರ್‌ಗಳಿಗೆ ಅಲ್ಪಸ್ವಲ್ಪ ಸನ್ನೆ ಬರುತ್ತಿತ್ತು. ಉಳಿದದ್ದನ್ನು ಹಾಸ್ಟೆಲಿನ ದೊಡ್ಡ ಹುಡುಗಿಯರು ಹೇಳಿಕೊಡುತ್ತಿದ್ದರು. ಪಿಯುಸಿಯನ್ನು ನಮ್ಮೂರ ಕಾಲೇಜಿನಲ್ಲಿ ಪಕ್ಕದ ಬೆಂಚಿನ ಹುಡುಗಿಯ ನೋಟ್ಸ್ ನೋಡಿ ಬರೆದುಕೊಂಡೇ ಮುಗಿಸಿದಳು. ಈಗ ಬಿ.ಕಾಂ. ಮೊದಲ ಸೆಮಿಸ್ಟರ್. ಕೇಳಿಸುವ ಅರವತ್ತು ಮಕ್ಕಳ ನಡುವೆ ಇವಳೊಬ್ಬಳು.

ಮೊನ್ನೆ ಊಟ ಮಾಡುವಾಗ ಕ್ಲಾಸಲ್ಲಿ ಏನಾಯಿತು ಎಂದು ಕೇಳಿದೆ. "ಸರ್ ನೀಲಿ ಅಂಗಿ ಹಾಕಿದ್ದರು. ಮೂರು ಸಲ ನಕ್ಕರು. ಎಲ್ಲರೂ ನಕ್ಕರು. ನಾನೂ ನಕ್ಕೆ" ಎಂದು ಸನ್ನೆ ಮಾಡಿದಳು. ಒಂದು ಗಂಟೆಯ ಪಾಠದಲ್ಲಿ ಅವಳಿಗೆ ಸಿಕ್ಕಿದ್ದು ಅಷ್ಟೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಪ್ರಿನ್ಸಿಪಾಲರನ್ನು ನೋಡಿ ಬಂದೆ. ಕೆಟ್ಟವರಲ್ಲ. "ಅಟೆಂಡೆನ್ಸ್ ಬಗ್ಗೆ ಚಿಂತೆ ಬೇಡ, ಇಂಟರ್ನಲ್ಸ್ ಮಾರ್ಕ್ಸೂ ನೋಡಿಕೊಳ್ಳುತ್ತೇವೆ" ಎಂದರು. ನನಗೆ ಬೇಕಾದದ್ದು ಮಾರ್ಕ್ಸ್ ಅಲ್ಲ, ಪಾಠ. ಸನ್ನೆ ಭಾಷೆಯ ಇಂಟರ್‌ಪ್ರಿಟರ್ ಕೊಡಲು ಆಗುತ್ತದಾ ಎಂದೆ. "ಹಾಗೂ ಒಂದು ವ್ಯವಸ್ಥೆ ಇದೆಯಾ?" ಎಂದು ನನ್ನನ್ನೇ ಕೇಳಿದರು.

ಕಾಲೇಜು ಕೊಡಲೇಬೇಕು ಎಂಬ ಕಾನೂನು ಇದೆಯಾ? ದುಡ್ಡು ಯಾರು ಕೊಡುತ್ತಾರೆ? ಜಿಲ್ಲಾ ಕೇಂದ್ರದಂಥ ಊರಿಗೆ ಇಂಟರ್‌ಪ್ರಿಟರ್ ಸಿಗುತ್ತಾರಾ? ಅನುಭವ ಇದ್ದವರು ದಯವಿಟ್ಟು ಹೇಳಿ.

#2 ಮಂಜಿನಹನಿ

"ಮಾರ್ಕ್ಸ್ ಅಲ್ಲ, ಪಾಠ." ಇದನ್ನು ಹೀಗೇ ಕಾಗದದಲ್ಲಿ ಬರೆದು ಕೊಡಿ ಅಕ್ಕ. ಒಂದು ಪ್ರತಿಗೆ ಸೀಲ್ ಹಾಕಿಸಿಕೊಂಡು ಇಟ್ಟುಕೊಳ್ಳಿ. ಬಾಯಿಮಾತಿಗೆ ಕಚೇರಿಯಲ್ಲಿ ಲೆಕ್ಕ ಇಲ್ಲ.

#3 ಸೆಕ್ಷನ್_ಓದುವವನು

ಕಾನೂನು ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ, 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 16ನೇ ಸೆಕ್ಷನ್ ಓದಿ. ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಿಕ್ಷಣ ಸಂಸ್ಥೆಗಳು ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕ ಅನುಕೂಲ ಮಾಡಿಕೊಡಬೇಕು. ಕಿವಿ ಕೇಳಿಸದವರಿಗೆ ಅವರಿಗೆ ಹೊಂದುವ ಭಾಷೆಯಲ್ಲಿ, ಅವರಿಗೆ ಹೊಂದುವ ರೀತಿಯಲ್ಲಿ ಪಾಠ ಆಗಬೇಕು. 17ನೇ ಸೆಕ್ಷನ್‌ನಲ್ಲಿ ಸನ್ನೆ ಭಾಷೆ ಎಂಬ ಮಾತು ನೇರವಾಗಿಯೇ ಬರುತ್ತದೆ. 32ನೇ ಸೆಕ್ಷನ್ ಪ್ರಕಾರ ಸರ್ಕಾರಿ ಮತ್ತು ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಕನಿಷ್ಠ 5% ಸೀಟು ಅಂಗವಿಕಲರಿಗೆ. ಇದಲ್ಲದೆ ಯುಜಿಸಿ 2022ರಲ್ಲಿ ಈ ವಿಷಯಕ್ಕೇ ಮಾರ್ಗಸೂಚಿ ಹೊರಡಿಸಿದೆ.

ಸೀಟು ಕೊಟ್ಟು ಪಾಠ ಕೊಡದಿದ್ದರೆ ಆ ಸೀಟು ಯಾಕೆ?

#4 ನೇರನುಡಿ

ಸೆಕ್ಷನ್ ಓದುವವರೇ, ಅರ್ಧ ಹೇಳಿದಿರಿ. ನಾನೂ ಆ 16ನೇ ಸೆಕ್ಷನ್ ಓದಿದ್ದೇನೆ. ಅದು ಶುರುವಾಗುವುದೇ ಸರ್ಕಾರ "ಪ್ರಯತ್ನಿಸತಕ್ಕದ್ದು" ಎಂಬ ಅರ್ಥದಲ್ಲಿ. ಪ್ರಯತ್ನ ಮಾಡಿದೆವು, ಜನ ಸಿಗಲಿಲ್ಲ ಎಂದು ಕಾಲೇಜಿನವರು ಬರೆದು ಕೊಟ್ಟರೆ ಮುಗಿಯಿತು.

ಇನ್ನೊಂದು ಮಾತು. ನಮ್ಮ ತಾಲೂಕು ಕಾಲೇಜಿನಲ್ಲಿ ಕಾಮರ್ಸ್‌ಗೆ ಕಾಯಂ ಮೇಷ್ಟ್ರೇ ಇಲ್ಲ. ಅತಿಥಿ ಉಪನ್ಯಾಸಕರ ಸಂಬಳ ತಿಂಗಳುಗಟ್ಟಲೆ ತಡ. ಅಂಥ ಕಡೆ ಒಬ್ಬ ವಿದ್ಯಾರ್ಥಿನಿಗೆ ದಿನಕ್ಕೆ ಐದು ಗಂಟೆ ಇಂಟರ್‌ಪ್ರಿಟರ್ ಎಂದರೆ ಯಾರು ಕೊಡುತ್ತಾರೆ? ನನಗೆ ಆ ಹುಡುಗಿಯ ಮೇಲೆ ಕಾಳಜಿ ಇಲ್ಲ ಅಂತಲ್ಲ. ಆಗದ ಆಸೆ ಹುಟ್ಟಿಸಬೇಡಿ ಎಂದಷ್ಟೇ ಹೇಳುತ್ತಿದ್ದೇನೆ. ಪಾಠ ರೆಕಾರ್ಡ್ ಮಾಡಿ ಅಕ್ಷರಕ್ಕೆ ಇಳಿಸಿ ಕೊಟ್ಟರೆ ಸಾಲದೇ?

#5 ಸೆಕ್ಷನ್_ಓದುವವನು

ನೇರನುಡಿ, "ಪ್ರಯತ್ನಿಸತಕ್ಕದ್ದು" ಎಂಬುದು ಸರ್ಕಾರಕ್ಕೆ ಹೇಳಿದ ಮಾತು, ನಿಜ. ಆದರೆ ಅದೇ ಕಾಯ್ದೆಯ 3ನೇ ಸೆಕ್ಷನ್ ನೋಡಿ. ತಕ್ಕ ಅನುಕೂಲ ಆಗುವಂತೆ ಸರ್ಕಾರ ಕ್ರಮ ಕೈಗೊಳ್ಳಲೇಬೇಕು ಎಂದಿದೆ. ಅನುಕೂಲ ನಿರಾಕರಿಸುವುದನ್ನೂ ಕಾಯ್ದೆ ತಾರತಮ್ಯದ ವ್ಯಾಖ್ಯೆಯೊಳಗೇ ಸೇರಿಸಿದೆ. ಪ್ರಯತ್ನ ಮಾಡಿದ್ದೇವೆ ಎನ್ನುವವರು ಯಾರಿಗೆ ಪತ್ರ ಬರೆದಿರಿ, ಯಾವಾಗ ಬರೆದಿರಿ ಎಂದು ತೋರಿಸಬೇಕು. ಕಾಲೇಜು ಜಗ್ಗದಿದ್ದರೆ ರಾಜ್ಯ ಅಂಗವಿಕಲರ ಆಯುಕ್ತರಿಗೆ ದೂರು ಕೊಡಬಹುದು. ಸಮನ್ಸ್ ಕಳಿಸಿ ಕರೆಸುವ ಅಧಿಕಾರ ಅವರಿಗಿದೆ. ವಕೀಲರನ್ನು ಹಿಡಿಯಬೇಕು ಅಂತೇನೂ ಇಲ್ಲ.

#6 ಕೈಮಾತು

ನಾನು ಕಿವುಡ. ಹೆಮ್ಮೆಯಿಂದಲೇ ಹೇಳುತ್ತೇನೆ. ಬೆಂಗಳೂರಿನಲ್ಲಿ ಕೆಲಸ ಮಾಡುತ್ತೇನೆ. ನನ್ನ ಮೊದಲ ಭಾಷೆ ಸನ್ನೆ, ಕನ್ನಡ ಎರಡನೆಯದು.

ನೇರನುಡಿ ಅವರು ಅಕ್ಷರಕ್ಕೆ ಇಳಿಸಿದರೆ ಸಾಲದೇ ಎಂದು ಕೇಳಿದರು. ನಿಮಗೆ ಕನ್ನಡ ಕಿವಿಯಿಂದ ಬಂತು. ಅಮ್ಮ ಅಡುಗೆ ಮನೆಯಲ್ಲಿ ಮಾತಾಡಿದ್ದು, ಬಸ್ಸಿನಲ್ಲಿ ಜಗಳ, ರೇಡಿಯೋ, ಎಲ್ಲ ಕಿವಿಗೆ ಬಿತ್ತು. ಶಾಲೆಗೆ ಹೋಗುವಾಗ ನಿಮ್ಮ ಹತ್ತಿರ ಭಾಷೆ ಇತ್ತು, ಅಕ್ಷರ ಮಾತ್ರ ಕಲಿತಿರಿ. ನಾನು ಶಾಲೆಗೆ ಹೋದಾಗ ನನ್ನ ಹತ್ತಿರ ಏನೂ ಇರಲಿಲ್ಲ. ಒಂದೊಂದು ಶಬ್ದವನ್ನೂ ಕಣ್ಣಿನಿಂದ ಕಲಿತೆ. ಈಗಲೂ ಉದ್ದದ ಪ್ಯಾರಾ ಓದಲು ಎರಡು ಸಲ, ಮೂರು ಸಲ ಬೇಕು. ಕ್ಲಾಸಿನ ಒಂದು ಗಂಟೆಯ ಮಾತನ್ನು ಕಾಗದದಲ್ಲಿ ಕೊಟ್ಟರೆ ನನಗೆ ಒಂದು ದಿನದ ಕೆಲಸ. ಸನ್ನೆಯಲ್ಲಿ ಹೇಳಿದರೆ ಒಂದು ಗಂಟೆಯ ಕೆಲಸ. ಕಾಗದಕ್ಕೆ ನಾನು ಪ್ರಶ್ನೆ ಕೇಳಲು ಆಗುವುದಿಲ್ಲ. ಇಂಟರ್‌ಪ್ರಿಟರ್ ಇದ್ದರೆ ಕೈ ಎತ್ತಬಹುದು.

ನನ್ನ ಡಿಗ್ರಿಯಲ್ಲಿ ಮೂರು ವರ್ಷ ಇಂಟರ್‌ಪ್ರಿಟರ್ ಇರಲಿಲ್ಲ. ಮೂರು ವರ್ಷದಲ್ಲಿ ಒಂದು ಸಲವೂ ಕೈ ಎತ್ತಲಿಲ್ಲ. ಪಾಸಾದೆ. ಕಲಿತದ್ದು ಕಡಿಮೆ. ಮತ್ತೆ ಎಲ್ಲವನ್ನೂ ಕೆಲಸಕ್ಕೆ ಸೇರಿದ ಮೇಲೆ ಕಲಿತೆ.

ಹೇಮಾವತಿ ದಂಡೆ ಅವರಿಗೆ ಒಂದು ಪ್ರಶ್ನೆ. ಎಲ್ಲರೂ ತಂಗಿಗೆ ಏನು ಬೇಕು ಎಂದು ಹೇಳುತ್ತಿದ್ದಾರೆ. ತಂಗಿಯನ್ನು ಕೇಳಿದಿರಾ?

#7 ಹೇಮಾವತಿ_ದಂಡೆ

ಕೇಳಿರಲಿಲ್ಲ. ಈಗ ಕೇಳಿದೆ. ಇಂಗ್ಲಿಷ್ ಮತ್ತು ಕನ್ನಡ ಕ್ಲಾಸಿಗೆ ನೋಟ್ಸ್ ಸಾಕಂತೆ. ಅಕೌಂಟೆನ್ಸಿ ಮತ್ತು ಅರ್ಥಶಾಸ್ತ್ರಕ್ಕೆ ಇಂಟರ್‌ಪ್ರಿಟರ್ ಬೇಕಂತೆ. "ಹುಡುಗಿ ಆದರೆ ಒಳ್ಳೆಯದು, ಆದರೆ ಕಾಲೇಜಿನಲ್ಲಿ ನನ್ನ ಅಕ್ಕನ ಹಾಗೆ ನಡೆದುಕೊಳ್ಳಬಾರದು" ಎಂದಳು. ಕೇಳಿದ್ದಕ್ಕೆ ಖುಷಿಪಟ್ಟಳು. ನಿಮಗೆ ಥ್ಯಾಂಕ್ಸ್ ಹೇಳಲು ಹೇಳಿದಳು.

#8 ಕಾಫಿತೋಟದ_ಅಮ್ಮ

ನನ್ನ ಮಗನಿಗೂ ಕೇಳಿಸುವುದಿಲ್ಲ. ಮೂರು ವರ್ಷದವನಿದ್ದಾಗ ಕಾಕ್ಲಿಯರ್ ಇಂಪ್ಲಾಂಟ್ (ಕೇಳಿಸಲು ಕಿವಿಯೊಳಗೆ ಉಪಕರಣ ಕೂರಿಸುವ ಆಪರೇಷನ್) ಮಾಡಿಸಿದೆವು. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ವರ್ಷಗಟ್ಟಲೆ ಓಡಾಡಿದ್ದೇವೆ. ಈಗ ಅವನು ಮಾತಾಡುತ್ತಾನೆ, ತುಟಿ ನೋಡಿ ಅರ್ಥ ಮಾಡಿಕೊಳ್ಳುತ್ತಾನೆ. ನಿಮ್ಮ ತಂಗಿಗೆ ತುಟಿ ಓದಲು ಯಾಕೆ ಕಲಿಸಲಿಲ್ಲ? ಸನ್ನೆ ಕಲಿತರೆ ಮಕ್ಕಳು ಮಾತು ಕಲಿಯುವುದಿಲ್ಲ ಎಂದು ಆಗ ನಮಗೆ ಹೇಳಿದ್ದರು. ಬೇಸರ ಮಾಡಿಕೊಳ್ಳಬೇಡಿ, ತಾಯಿಯಾಗಿ ಕೇಳುತ್ತಿದ್ದೇನೆ.

#9 ಕೈಮಾತು

ಅಮ್ಮ, ಬೇಸರ ಇಲ್ಲ. ಕನ್ನಡಿಯ ಮುಂದೆ ನಿಂತು ಧ್ವನಿ ಬರದ ಹಾಗೆ ಮೂರು ಶಬ್ದ ಹೇಳಿ ನೋಡಿ. ಮರ. ಬರ. ಪರ. ತುಟಿಯಲ್ಲಿ ಏನಾದರೂ ವ್ಯತ್ಯಾಸ ಕಂಡಿತಾ? ಕ, ಗ ಗಂಟಲಿನಲ್ಲಿ ಹುಟ್ಟುತ್ತವೆ, ತುಟಿಯಲ್ಲಿ ಕಾಣುವುದೇ ಇಲ್ಲ. ಉಳಿದದ್ದನ್ನು ನಾವು ಊಹೆ ಮಾಡುತ್ತೇವೆ. ಮನೆಯ ಮಾತು ಊಹೆಗೆ ಸಿಗುತ್ತದೆ. ಅಕೌಂಟೆನ್ಸಿ ಸಿಗುವುದಿಲ್ಲ. ಮೇಷ್ಟ್ರು ಬೋರ್ಡ್ ಕಡೆ ತಿರುಗಿದರೆ ತುಟಿಯೂ ಹೋಯಿತು. ಕೆಲವರಿಗೆ ದಪ್ಪ ಮೀಸೆ ಬೇರೆ.

#10 ಕಾಫಿತೋಟದ_ಅಮ್ಮ

ಹೇಳಿ ನೋಡಿದೆ. ಮೂರೂ ಒಂದೇ ಥರ ಕಾಣುತ್ತವೆ. ಮಗನನ್ನು ಕೇಳಿದೆ, "ಹೌದಮ್ಮ, ನಾನು ಯಾವಾಗಲೂ ಊಹೆ ಮಾಡ್ತೀನಿ, ಸಂಜೆ ತಲೆನೋವು ಬರೋದು ಅದಕ್ಕೇ" ಎಂದ. ಇಷ್ಟು ವರ್ಷ ಕಂಪ್ಯೂಟರ್ ನೋಡಿ ತಲೆನೋವು ಎಂದುಕೊಂಡಿದ್ದೆ.

#11 ಕೋಡಾ_ಹುಡುಗಿ

ನಾನು ವೃತ್ತಿಯಿಂದ ಇಂಟರ್‌ಪ್ರಿಟರ್. ಅಪ್ಪ ಅಮ್ಮ ಇಬ್ಬರೂ ಕಿವುಡರು, ನನಗೆ ಕೇಳಿಸುತ್ತದೆ. ನಮ್ಮಂಥವರನ್ನು ಕೋಡಾ ಎನ್ನುತ್ತಾರೆ. ಏಳು ವರ್ಷದವಳಿದ್ದಾಗ ಬ್ಯಾಂಕ್ ಮ್ಯಾನೇಜರ್ ಮುಂದೆ ಅಪ್ಪನ ಪರವಾಗಿ ಮಾತಾಡಿದ್ದೇನೆ.

ಕಾಫಿತೋಟದ ಅಮ್ಮ, ಸನ್ನೆ ಕಲಿತರೆ ಮಾತು ಬರುವುದಿಲ್ಲ ಎಂಬುದು ತುಂಬ ಹಳೆಯ ಮಾತು. 1880ರಲ್ಲಿ ಇಟಲಿಯ ಮಿಲಾನ್‌ನಲ್ಲಿ ಕಿವುಡರ ಶಿಕ್ಷಕರ ಸಮ್ಮೇಳನ ಸೇರಿ, ಶಾಲೆಗಳಲ್ಲಿ ಸನ್ನೆ ಬೇಡ, ಬಾಯಿಮಾತೇ ಇರಲಿ ಎಂದು ನಿರ್ಣಯ ಮಾಡಿತು. ಹಲವು ದೇಶಗಳ ಶಾಲೆಗಳಿಂದ ಸನ್ನೆ ಹೋಯಿತು. ಸನ್ನೆಗೂ ಪೂರ್ತಿ ವ್ಯಾಕರಣ ಇದೆ ಎಂದು ವಿಲಿಯಂ ಸ್ಟೋಕಿ ಅಮೆರಿಕದಲ್ಲಿ ತೋರಿಸಿದ್ದು 1960ರಲ್ಲಿ. ಆ ಮಿಲಾನ್ ನಿರ್ಣಯವನ್ನು ಅದೇ ಸಮ್ಮೇಳನ ಕೈಬಿಟ್ಟು ವಿಷಾದ ಹೇಳಿದ್ದು 2010ರಲ್ಲಿ, ವ್ಯಾಂಕೂವರ್‌ನಲ್ಲಿ. 130 ವರ್ಷ! ನಿಮಗೆ ಹೇಳಿದವರ ತಪ್ಪೂ ಅಲ್ಲ, ಅವರಿಗೆ ಹಾಗೆಯೇ ಕಲಿಸಿದ್ದರು.

ಈಗ ಕ್ಲಾಸಿನ ವಿಷಯ. ಇಂಟರ್‌ಪ್ರಿಟರ್ ಎಂದರೆ ಟೀಚರ್ ಅಲ್ಲ, ಆಯಾ ಅಲ್ಲ, ಗೆಳತಿಯೂ ಅಲ್ಲ. ಮೇಷ್ಟ್ರು ಹೇಳಿದ್ದನ್ನು ಹುಡುಗಿಗೆ, ಹುಡುಗಿ ಹೇಳಿದ್ದನ್ನು ಮೇಷ್ಟ್ರಿಗೆ ಮುಟ್ಟಿಸುವುದು ಕೆಲಸ. ಮೇಷ್ಟ್ರು ತಪ್ಪು ಹೇಳಿದರೆ ಆ ತಪ್ಪನ್ನೇ ಮುಟ್ಟಿಸಬೇಕು. ಹಿಂದಿನ ಬೆಂಚಿನವರು ಜೋಕ್ ಹೊಡೆದರೆ ಅದನ್ನೂ ಹೇಳಬೇಕು. ಉಳಿದವರಿಗೆ ಕೇಳಿಸಿದ್ದು ಅವಳಿಗೂ ಸಿಗಬೇಕಲ್ವಾ? ಕ್ಲಾಸಿನಲ್ಲಿ ನಡೆದದ್ದನ್ನು ಹೊರಗೆ ಹೇಳುವಂತಿಲ್ಲ, ಮನೆಯವರಿಗೂ ಹೇಳುವಂತಿಲ್ಲ. ನಿಮ್ಮ ತಂಗಿ "ಅಕ್ಕನ ಹಾಗೆ ನಡೆದುಕೊಳ್ಳಬಾರದು" ಎಂದದ್ದು ಇದನ್ನೇ. ಬಹಳ ತಿಳಿದ ಹುಡುಗಿ.

ಒಬ್ಬರೇ ಐದು ಗಂಟೆ ಮಾಡಲು ಆಗುವುದಿಲ್ಲ. ಇಪ್ಪತ್ತು ನಿಮಿಷ ದಾಟಿದರೆ ಕೈಗಿಂತ ಮೊದಲು ತಲೆ ಸೋಲುತ್ತದೆ, ತಪ್ಪುಗಳು ಶುರುವಾಗುತ್ತವೆ. ಅದಕ್ಕೇ ದೊಡ್ಡ ಕ್ಲಾಸಿಗೆ ಇಬ್ಬರು ಬೇಕು. ಒಬ್ಬರು ಮಾಡುವಾಗ ಇನ್ನೊಬ್ಬರು ಸುಮ್ನೆ ಕೂರುವುದಿಲ್ಲ, ಬಿಟ್ಟುಹೋದ ಶಬ್ದ ಎತ್ತಿಕೊಡುತ್ತಾರೆ.

#12 ಚಾಕ್‌ಪೀಸ್

ನಾನು ಕಾಮರ್ಸ್ ಉಪನ್ಯಾಸಕ. ಒಂದು ವರ್ಷ ನನ್ನ ಕ್ಲಾಸಿನಲ್ಲಿ ಒಬ್ಬ ಕಿವುಡ ಹುಡುಗ, ಜೊತೆಗೆ ಇಂಟರ್‌ಪ್ರಿಟರ್ ಇದ್ದರು. ಹುಡುಗನ ಮನೆಯವರೇ ದುಡ್ಡು ಕೊಟ್ಟು ಇಟ್ಟುಕೊಂಡಿದ್ದರು, ಅದು ಬೇರೆ ನೋವಿನ ವಿಷಯ.

ಮೊದಲ ವಾರ ನಾನು ಮಾಡಿದ ತಪ್ಪು: "ಅವನಿಗೆ ಅರ್ಥ ಆಯ್ತಾ ಕೇಳಿ" ಎಂದು ಇಂಟರ್‌ಪ್ರಿಟರ್ ಮುಖ ನೋಡಿ ಹೇಳುತ್ತಿದ್ದೆ. ಅವರು ಅದನ್ನೇ ಹಾಗೆಯೇ ಸನ್ನೆ ಮಾಡಿದರು. ಹುಡುಗ ನನ್ನ ಕಡೆ ನೋಡಿ "ಸರ್, ನಾನು ಇಲ್ಲೇ ಇದ್ದೇನೆ" ಎಂದ. ಆವತ್ತಿನಿಂದ ಅವನನ್ನೇ ನೋಡಿ ಮಾತಾಡಲು ಕಲಿತೆ.

ಇನ್ನೊಂದು. ನಾವು ಬೋರ್ಡ್ ಮೇಲೆ ಬರೆಯುತ್ತಾ ಮಾತಾಡುತ್ತೇವೆ. ಕೇಳಿಸುವವರ ಕಣ್ಣು ಬೋರ್ಡಿಗೆ, ಕಿವಿ ನಮಗೆ. ಅವನಿಗೆ ಎರಡಕ್ಕೂ ಕಣ್ಣೇ. ಬೋರ್ಡ್ ನೋಡಿದರೆ ಮಾತು ಹೋಯಿತು, ಇಂಟರ್‌ಪ್ರಿಟರ್ ನೋಡಿದರೆ ಲೆಕ್ಕ ಹೋಯಿತು. ಹಾಗಾಗಿ ಬರೆದು ಮುಗಿಸಿ, ಐದು ಎಣಿಸಿ, ಆಮೇಲೆ ಮಾತಾಡುವುದನ್ನು ರೂಢಿ ಮಾಡಿಕೊಂಡೆ. ಅದರಿಂದ ಉಳಿದ ಮಕ್ಕಳ ನೋಟ್ಸ್ ಕೂಡ ಸರಿಯಾಯಿತು. ಪ್ರೊಜೆಕ್ಟರ್ ಹಾಕಿದಾಗ ಎಲ್ಲ ಲೈಟ್ ಆರಿಸಬಾರದು, ಕತ್ತಲಲ್ಲಿ ಕೈ ಕಾಣುವುದಿಲ್ಲ. ನಾಳೆಯ ಪಾಠವನ್ನು ಇವತ್ತೇ ಇಂಟರ್‌ಪ್ರಿಟರ್‌ಗೆ ಕೊಡಬೇಕು.

ನೇರನುಡಿ ಅವರೇ, ದುಡ್ಡಿನ ಮಾತು ಸರಿ. ಆದರೆ ಮೇಲಿನ ಯಾವುದಕ್ಕೂ ದುಡ್ಡು ಬೇಕಾಗಿಲ್ಲ.

#13 ಗದಗಿನ_ಗಾಳಿ

ಕೋಡಾ ಹುಡುಗಿ ಅವರೇ, ಕನ್ನಡ ಸನ್ನೆ ಭಾಷೆ ಬೇರೆ, ಹಿಂದಿ ಸನ್ನೆ ಭಾಷೆ ಬೇರೆ ಇರುತ್ತದಾ? ದೆಹಲಿಯವರು ಬಂದರೆ ನಮ್ಮ ಹುಡುಗಿಗೆ ಅರ್ಥ ಆಗುತ್ತದಾ? ಇದರಲ್ಲೂ ಹೇರಿಕೆ ಇದೆಯಾ ಎಂದು ಯೋಚನೆ.

#14 ಕೋಡಾ_ಹುಡುಗಿ

ಕನ್ನಡ ಸನ್ನೆ ಭಾಷೆ ಅಂತ ಇಲ್ಲ. ಭಾರತೀಯ ಸನ್ನೆ ಭಾಷೆ ಅಂತ ಒಂದೇ ಇದೆ. ಊರಿಂದ ಊರಿಗೆ ಕೆಲವು ಸನ್ನೆಗಳು ಬೇರೆ, ಧಾರವಾಡ ಮೈಸೂರು ಕನ್ನಡದ ಹಾಗೆ. ಅದು ಹಿಂದಿಯ ಕೈರೂಪ ಅಲ್ಲ, ಕನ್ನಡದ್ದೂ ಅಲ್ಲ. ಅದಕ್ಕೆ ಅದರದೇ ವ್ಯಾಕರಣ. ಪ್ರಶ್ನೆಯ ಶಬ್ದ ಕೊನೆಗೆ ಬರುತ್ತದೆ, ಬೇಡ ಇಲ್ಲ ಎನ್ನುವುದೂ ಕೊನೆಗೆ. ಇದು ನಮಗೆ ಸುಲಭ, "ಊಟ ಬೇಡ" ಎನ್ನುವವರು ನಾವು. ನಿನ್ನೆ, ನಾಳೆ ಎಂಬ ಕಾಲದ ಮಾತು ಸಾಮಾನ್ಯವಾಗಿ ಮೊದಲೇ ಬರುತ್ತದೆ. ಹುಬ್ಬು ಮೇಲೆ ಹೋದರೆ ಪ್ರಶ್ನೆ. ಮುಖ ಸುಮ್ನೆ ಇಟ್ಟುಕೊಂಡು ಕೈ ಮಾತ್ರ ಆಡಿಸುವವರ ಸನ್ನೆ ಅರ್ಧ ಸನ್ನೆ.

ಅಮೆರಿಕದವರು ಇಂಗ್ಲಿಷ್ ಅಕ್ಷರವನ್ನು ಒಂದು ಕೈಯಲ್ಲಿ ತೋರಿಸುತ್ತಾರೆ, ನಾವು ಎರಡು ಕೈಯಲ್ಲಿ. ಯೂಟ್ಯೂಬ್ ನೋಡಿ ಅಮೆರಿಕದ್ದು ಕಲಿತು ಬರುವ ಕಾಲೇಜು ಹುಡುಗರು ಬಹಳ. ಉತ್ಸಾಹ ಒಳ್ಳೆಯದು, ಆದರೆ ನಮ್ಮವರಿಗೆ ಅದು ಅರ್ಥ ಆಗುವುದಿಲ್ಲ.

#15 ಮಂಜಿನಹನಿ

ಅಕೌಂಟೆನ್ಸಿಯ ಶಬ್ದಗಳಿಗೆಲ್ಲ ಸನ್ನೆ ಇದೆಯಾ? ಡೆಬಿಟ್, ಕ್ರೆಡಿಟ್, ಡಿಪ್ರಿಸಿಯೇಷನ್?

#16 ಕೋಡಾ_ಹುಡುಗಿ

ಒಳ್ಳೆಯ ಪ್ರಶ್ನೆ. ದೆಹಲಿಯ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ 2015ರಲ್ಲಿ ಶುರುವಾಯಿತು. ಅವರ ವಿಡಿಯೋ ನಿಘಂಟು 2018ರಲ್ಲಿ 3,000 ಶಬ್ದ ಇತ್ತು, 2019ರಲ್ಲಿ 6,000, 2021ರಲ್ಲಿ 10,000 ಆಯಿತು. ಹಣಕಾಸು, ಕಾನೂನು, ವೈದ್ಯಕೀಯದ ಶಬ್ದಗಳೂ ಇವೆ. ಆದರೂ ಡಿಗ್ರಿ ಪಾಠದ ಎಲ್ಲ ಶಬ್ದ ಸಿಗುವುದಿಲ್ಲ. ಆಗ ಮೊದಲ ಸಲ ಬೆರಳಿನಲ್ಲಿ ಅಕ್ಷರ ಬಿಡಿಸಿ ತೋರಿಸುತ್ತೇವೆ. ಆಮೇಲೆ ವಿದ್ಯಾರ್ಥಿ ಮತ್ತು ನಾವು ಸೇರಿ ಆ ಕ್ಲಾಸಿಗೆ ಒಂದು ಸನ್ನೆ ಗೊತ್ತು ಮಾಡಿಕೊಳ್ಳುತ್ತೇವೆ. ಆ ಸನ್ನೆಯನ್ನು ವಿದ್ಯಾರ್ಥಿ ಒಪ್ಪಬೇಕು, ನಾವೇ ಕಟ್ಟಿ ಕೊಡಬಾರದು.

ಡೆಬಿಟ್ ಎಡಕ್ಕೆ, ಕ್ರೆಡಿಟ್ ಬಲಕ್ಕೆ ತಾನೇ? ಒಮ್ಮೆ ನಾನು ಹಾಗೇ ಜಾಗ ಹಿಡಿದು ತೋರಿಸಿದೆ. ನಾನು ವಿದ್ಯಾರ್ಥಿಗೆ ಎದುರು ನಿಂತಿದ್ದೇನೆ, ನನ್ನ ಎಡ ಅವನ ಬಲ. ಸನ್ನೆಯಲ್ಲಿ ಸಾಮಾನ್ಯವಾಗಿ ಮಾತಾಡುವವರ ಕಡೆಯಿಂದಲೇ ಜಾಗ ಲೆಕ್ಕ, ನೋಡುವವರು ಮನಸ್ಸಿನಲ್ಲೇ ತಿರುಗಿಸಿಕೊಳ್ಳುತ್ತಾರೆ. ಆದರೆ ಹಿಂದೆ ಬೋರ್ಡ್ ಮೇಲೆ ಲೆಡ್ಜರ್ ಇತ್ತು. ನನ್ನ ಕೈಯಲ್ಲಿ ಡೆಬಿಟ್ ಒಂದು ಕಡೆ, ಬೋರ್ಡ್ ಮೇಲೆ ಇನ್ನೊಂದು ಕಡೆ. ಹುಡುಗ ಗೊಂದಲಕ್ಕೆ ಬಿದ್ದ. ಅಂದಿನಿಂದ ಬೋರ್ಡ್ ಪಕ್ಕ ನಿಂತು ಬೋರ್ಡನ್ನೇ ತೋರಿಸುತ್ತೇನೆ.

#17 ಚಾಕ್‌ಪೀಸ್

ಈ ಎಡಬಲದ ವಿಷಯ ನನಗೆ ಇವತ್ತು ಗೊತ್ತಾಯಿತು. ನನ್ನ ಹುಡುಗ ಒಂದು ತಿಂಗಳು ಲೆಡ್ಜರ್ ಉಲ್ಟಾ ಬರೆದಿದ್ದ. ಅವನಿಗೆ ಗಮನ ಇಲ್ಲ ಎಂದು ಗದರಿದ್ದೆ. ತಪ್ಪಾಯಿತು.

#18 ಹಳ್ಳಿಮೇಷ್ಟ್ರ_ಮಗ

ಸ್ವಲ್ಪ ಬೇರೆ ಮಾತು. ಈ ಚರ್ಚೆ ಓದುತ್ತಾ "ಕಿವುಡನ ಮುಂದೆ ಕಿನ್ನರಿ ಬಾರಿಸಿದಂತೆ" ಎಂಬ ಗಾದೆ ನೆನಪಾಯಿತು. ನಮ್ಮ ತಂದೆ ಕ್ಲಾಸಿನಲ್ಲಿ ದಿನಾ ಹೇಳುತ್ತಿದ್ದರು. ಇಂಥ ಗಾದೆಗಳನ್ನು ಬಿಡಬೇಕಲ್ಲವೇ?

#19 ಗದಗಿನ_ಗಾಳಿ

ಗಾದೆ ಗಾದೆಯೇ. ನಮ್ಮ ಕಡೆ ಕೋಣನ ಮುಂದೆ ಎನ್ನುತ್ತಾರೆ. ಗಾದೆ ಬಿಟ್ಟರೆ ಭಾಷೆ ಬಡವಾಗುತ್ತದೆ.

#20 ಕೈಮಾತು

ಗಾದೆಯ ಬಗ್ಗೆ ನನಗೆ ಅಷ್ಟು ಬೇಜಾರಿಲ್ಲ. "ಕಿವುಡ ಮೂಗ" ಎಂದು ಜೋಡಿಸಿ ಕರೆಯುವುದು ಬೇಜಾರು. ನಾನು ಮೂಗ ಅಲ್ಲ, ನನಗೆ ಮಾತಿದೆ, ಕೈಯಲ್ಲಿದೆ. ಮತ್ತೆ ಕಿನ್ನರಿ ಬಾರಿಸುವವರ ಪಕ್ಕ ಒಬ್ಬ ಇಂಟರ್‌ಪ್ರಿಟರ್ ನಿಂತರೆ ಪದ್ಯ ನನಗೂ ಸಿಗುತ್ತದೆ. ವಿಷಯಕ್ಕೆ ಬರೋಣ.

#21 ನ್ಯೂಯಾರ್ಕ್_ಶಿರಸಿ

ನಾನು ಅಮೆರಿಕದ ರೊಚೆಸ್ಟರ್ ಊರಿನಲ್ಲಿದ್ದೇನೆ. ಇಲ್ಲಿಯ ತಾಂತ್ರಿಕ ವಿಶ್ವವಿದ್ಯಾಲಯದೊಳಗೆ ಕಿವುಡರಿಗಾಗಿಯೇ ಒಂದು ರಾಷ್ಟ್ರೀಯ ಸಂಸ್ಥೆ ಇದೆ. 1965ರ ಕಾನೂನಿನಿಂದ ಬಂದದ್ದು, 1968ರಲ್ಲಿ ಮೊದಲ ವಿದ್ಯಾರ್ಥಿಗಳು ಸೇರಿದರು. ಕಾಫಿ ಅಂಗಡಿಯಲ್ಲೂ ಸನ್ನೆ ನಡೆಯುತ್ತದೆ. ವಾಷಿಂಗ್ಟನ್‌ನ ಗ್ಯಾಲೊಡೆಟ್ ವಿಶ್ವವಿದ್ಯಾಲಯ ಇನ್ನೂ ಹಳೆಯದು, 1864ರದ್ದು. ಅಲ್ಲಿ ಇಂಟರ್‌ಪ್ರಿಟರ್ ಮೂಲಕ ಪಾಠ ಅಲ್ಲ, ಪಾಠವೇ ಸನ್ನೆಯಲ್ಲಿ. ಅಲ್ಲೂ 1988ರಲ್ಲಿ ವಿದ್ಯಾರ್ಥಿಗಳು ಗೇಟು ಮುಚ್ಚಿ ಹೋರಾಡಿದ ಮೇಲೆಯೇ ಮೊದಲ ಕಿವುಡ ಅಧ್ಯಕ್ಷರು ಬಂದರು.

ಇಲ್ಲಿ ಎಲ್ಲವೂ ತಾನಾಗಿ ಬಂತು ಎಂದುಕೊಳ್ಳಬೇಡಿ. 1978ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಕ್ಯಾಮೆನಿಶ್ ಎಂಬ ಕಿವುಡ ವಿದ್ಯಾರ್ಥಿ, ಇಂಟರ್‌ಪ್ರಿಟರ್ ಖರ್ಚು ವಿಶ್ವವಿದ್ಯಾಲಯ ಕೊಡಲಿ ಎಂದು ಕೋರ್ಟಿಗೆ ಹೋದರು. ಕೆಳ ಕೋರ್ಟ್ ಮಧ್ಯಂತರ ಆದೇಶ ಕೊಟ್ಟು ಕೊಡಿಸಿತು. 1981ರಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನ ಬರುವ ಹೊತ್ತಿಗೆ ಅವರ ಓದೇ ಮುಗಿದಿತ್ತು. ಡಿಗ್ರಿ ಓಡುವಷ್ಟು ವೇಗವಾಗಿ ಕೋರ್ಟ್ ಓಡುವುದಿಲ್ಲ. ಹೇಮಾವತಿ ಅವರೇ, ಮೊದಲ ಸೆಮಿಸ್ಟರ್‌ನಲ್ಲೇ ಕೇಳುತ್ತಿದ್ದೀರಿ, ಅದೇ ದೊಡ್ಡದು.

#22 ನೇರನುಡಿ

ಅಮೆರಿಕದ ಉದಾಹರಣೆ ನಮ್ಮ ತಾಲೂಕಿಗೆ ಹೊಂದುವುದಿಲ್ಲ. ಹತ್ತಿರದ್ದು ಹೇಳಿ.

#23 ನ್ಯೂಯಾರ್ಕ್_ಶಿರಸಿ

ಒಪ್ಪಿದೆ. ಆದರೆ ಮೈಸೂರಿನಲ್ಲೇ ಜೆಎಸ್‌ಎಸ್ ಸಂಸ್ಥೆಯ ಅಂಗವಿಕಲರ ಪಾಲಿಟೆಕ್ನಿಕ್ ಇದೆ. ಕಿವುಡ ಮಕ್ಕಳು ಅಲ್ಲಿ ಡಿಪ್ಲೊಮಾ ಓದುತ್ತಾರೆ. ಪಕ್ಕದ ರಾಜ್ಯ ಕೇರಳದ ತಿರುವನಂತಪುರದಲ್ಲಿರುವ ರಾಷ್ಟ್ರೀಯ ವಾಕ್ ಶ್ರವಣ ಸಂಸ್ಥೆ ನಿಷ್‌ನಲ್ಲಿ ಕಿವುಡರಿಗೇ ಡಿಗ್ರಿ ಕೋರ್ಸುಗಳಿವೆ, ಸನ್ನೆಯಲ್ಲೇ ಪಾಠ.

#24 ಕಾಫಿತೋಟದ_ಅಮ್ಮ

ಹಾಗಾದರೆ ತಂಗಿಯನ್ನು ಅಲ್ಲಿಗೇ ಕಳಿಸಬಹುದಲ್ವಾ?

#25 ಹೇಮಾವತಿ_ದಂಡೆ

ಯೋಚನೆ ಮಾಡಿದ್ದೆವು ಅಮ್ಮ. ನಮ್ಮ ತಂದೆಗೆ ಡಯಾಲಿಸಿಸ್ ನಡೆಯುತ್ತಿದೆ, ಇವಳು ಊರು ಬಿಡಲು ಒಪ್ಪಲಿಲ್ಲ. ಅಲ್ಲದೆ ಇವಳ ಜೊತೆ ಓದಿದ ಮಕ್ಕಳು ಈ ಕಾಲೇಜಿಗೇ ಬಂದಿದ್ದಾರೆ. ಮನೆಯಿಂದ ನಡೆದು ಹೋಗುವಷ್ಟು ಹತ್ತಿರದ ಕಾಲೇಜಿನಲ್ಲಿ ಪಾಠ ಸಿಗಲಿ ಎಂಬುದಷ್ಟೇ ನಮ್ಮ ಆಸೆ.

#26 ಸೆಕ್ಷನ್_ಓದುವವನು

ಹತ್ತಿರದ ಉದಾಹರಣೆ ಕೇಳಿದ ನೇರನುಡಿ ಅವರಿಗೆ: ಸಾರಾ ಸನ್ನಿ. ಬೆಂಗಳೂರಿನಲ್ಲಿ ಕಾನೂನು ಓದಿದ ಕಿವುಡ ವಕೀಲೆ. 2024ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟಿನಲ್ಲಿ ಇಂಟರ್‌ಪ್ರಿಟರ್ ಮೂಲಕ ವಾದ ಮಾಡಿದರು. ದೇಶದಲ್ಲೇ ಮೊದಲು ಕರ್ನಾಟಕದಲ್ಲಿ.

#27 ಹಳ್ಳಿಮೇಷ್ಟ್ರ_ಮಗ

ಸಣ್ಣ ತಿದ್ದುಪಡಿ. ಅದಕ್ಕೂ ಮೊದಲು 2023ರ ಸೆಪ್ಟೆಂಬರ್‌ನಲ್ಲಿ ಅವರೇ ಸುಪ್ರೀಂ ಕೋರ್ಟಿನಲ್ಲಿ ವಾದ ಮಾಡಿದ್ದರು. ಆಗ ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್. ಹೈಕೋರ್ಟುಗಳ ಪೈಕಿ ಕರ್ನಾಟಕ ಮೊದಲು ಎನ್ನಿ.

#28 ಸೆಕ್ಷನ್_ಓದುವವನು

ಹೌದು, ತಿದ್ದಿದ್ದಕ್ಕೆ ಥ್ಯಾಂಕ್ಸ್. ನ್ಯಾಯಾಧೀಶರ ಮುಂದೆ ಆಗುವುದು ಬಿ.ಕಾಂ. ಕ್ಲಾಸಿನಲ್ಲಿ ಯಾಕೆ ಆಗಬಾರದು ಎಂಬುದೇ ನನ್ನ ವಾದ.

#29 ನೇರನುಡಿ

ಆಗಬಾರದು ಎಂದು ನಾನು ಹೇಳಲಿಲ್ಲ. ಕೋಡಾ ಹುಡುಗಿ ಅವರ ಪ್ರಕಾರ ಇಬ್ಬರು ಇಂಟರ್‌ಪ್ರಿಟರ್ ಬೇಕು. 2011ರ ಜನಗಣತಿಯಲ್ಲಿ ದೇಶದಲ್ಲಿ ಕಿವಿ ಕೇಳಿಸದವರು ಸುಮಾರು 50 ಲಕ್ಷ. ಅಷ್ಟು ಜನಕ್ಕೆ ತರಬೇತಾದ ಇಂಟರ್‌ಪ್ರಿಟರ್‌ಗಳು ಎಲ್ಲಿದ್ದಾರೆ? ಅಲ್ಲಿಯವರೆಗೆ ಫೋನಿನ ಆ್ಯಪ್ ಇದೆ. ಮಾತಾಡಿದ್ದನ್ನು ಕನ್ನಡದಲ್ಲೇ ಬರೆದು ತೋರಿಸುತ್ತದೆ. ಅದನ್ನಾದರೂ ಬಳಸಿ.

#30 ಚಾಕ್‌ಪೀಸ್

ಬಳಸಿ ನೋಡಿದ್ದೇನೆ. ಇಬ್ಬರೇ ಕೂತು ನಿಧಾನವಾಗಿ ಮಾತಾಡಿದರೆ ಚೆನ್ನಾಗಿದೆ. ಕ್ಲಾಸಿನಲ್ಲಿ ಫ್ಯಾನ್ ಸದ್ದು, ಅರವತ್ತು ಮಕ್ಕಳು, ನಮ್ಮ ಕನ್ನಡ ಇಂಗ್ಲಿಷ್ ಬೆರಕೆ. "ಡೆಟರ್ಸ್ ಬ್ಯಾಲೆನ್ಸ್‌ನ ಕ್ಯಾರಿ ಡೌನ್ ಮಾಡ್ಬೇಕು" ಎಂದೆ, ಸ್ಕ್ರೀನ್ ಮೇಲೆ "ಡಾಕ್ಟರ್ಸ್" ಎಂದು ಬಂತು. ಪೂರಕವಾಗಿ ಇರಲಿ. ಅದೇ ಸಾಕು ಎನ್ನುವುದು ಬೇಡ.

#31 ಕೋಡಾ_ಹುಡುಗಿ

ಜನ ಕಡಿಮೆ ಎಂಬುದು ನಿಜ, ನೇರನುಡಿ. ಅದು ನಮ್ಮೆಲ್ಲರ ನೋವು. ಎರಡು ವರ್ಷದ ಇಂಟರ್‌ಪ್ರಿಟೇಷನ್ ಡಿಪ್ಲೊಮಾ ಇದೆ, ಪಿಯುಸಿ ಆದವರು ಸೇರಬಹುದು. ದೆಹಲಿಯ ಕೇಂದ್ರದಲ್ಲಿ ಇದೆ, ಮುಂಬೈನ ಅಲಿ ಯಾವರ್ ಜಂಗ್ ಸಂಸ್ಥೆಯಲ್ಲಿ ಇದೆ. ಪಾಸಾದವರು ಭಾರತೀಯ ಪುನರ್ವಸತಿ ಮಂಡಳಿ, ಅಂದರೆ ಆರ್‌ಸಿಐಯಲ್ಲಿ ನೋಂದಣಿ ಮಾಡಿಸುತ್ತಾರೆ. ಆದರೆ ಪಾಸಾದ ಹುಡುಗರಿಗೆ ಕೆಲಸ ಇರುವುದು ಬೆಂಗಳೂರಿನ ಕಂಪನಿಗಳ ಮೀಟಿಂಗ್‌ಗಳಲ್ಲಿ, ಅದೂ ಗಂಟೆ ಲೆಕ್ಕದಲ್ಲಿ. ಕಾಲೇಜುಗಳಲ್ಲಿ ಹುದ್ದೆಯೇ ಇಲ್ಲ. ಹುದ್ದೆ ಇಲ್ಲ ಎಂದು ಜನ ಕಲಿಯುವುದಿಲ್ಲ, ಜನ ಇಲ್ಲ ಎಂದು ಕಾಲೇಜು ಹುದ್ದೆ ಮಾಡುವುದಿಲ್ಲ. ಯಾರಾದರೂ ಒಂದು ಕಡೆಯಿಂದ ಶುರು ಮಾಡಬೇಕು.

ಹೇಮಾವತಿ ಅವರಿಗೆ ನನ್ನ ಸಲಹೆ: ಎಲ್ಲ ಕ್ಲಾಸಿಗೂ ಕೇಳಬೇಡಿ. ತಂಗಿ ಹೇಳಿದ ಎರಡು ವಿಷಯಕ್ಕೆ ಮಾತ್ರ ಕೇಳಿ. ಆ ಎರಡನ್ನೂ ಬೆಳಿಗ್ಗೆ ಒಟ್ಟಿಗೆ ಬರುವಂತೆ ಟೈಮ್‌ಟೇಬಲ್ ಮಾಡಲು ಹೇಳಿ, ನಡುವೆ ವಿರಾಮ ಇರಲಿ. ಸಂದರ್ಶನಕ್ಕೆ ತಂಗಿಯೇ ಕೂರಲಿ. ಇಂಟರ್‌ಪ್ರಿಟರ್ ಅವಳಿಗೆ ಅರ್ಥ ಆಗಬೇಕು, ಪ್ರಿನ್ಸಿಪಾಲರಿಗಲ್ಲ. ವೈವಾಗೂ ಅವರೇ ಬರಬೇಕು ಎಂದು ಈಗಲೇ ಬರೆಸಿ.

#32 ಪಕ್ಕದ_ಬೆಂಚು

ನಾನು ಡಿಗ್ರಿ ಓದುವಾಗ ಒಬ್ಬ ಕಿವುಡ ಗೆಳತಿಗೆ ನೋಟ್ಸ್ ಕೊಡುತ್ತಿದ್ದೆ. ಎಲ್ಲರೂ ನನ್ನನ್ನು ಹೊಗಳುತ್ತಿದ್ದರು. ನನಗೆ ಜ್ವರ ಬಂದು ಹತ್ತು ದಿನ ಹೋಗಲಿಲ್ಲ. ವಾಪಸ್ ಬಂದಾಗ ಅವಳ ಪುಸ್ತಕದಲ್ಲಿ ಆ ಹತ್ತು ದಿನ ಖಾಲಿ ಇತ್ತು, ತಾರೀಕು ಮಾತ್ರ ಬರೆದಿದ್ದಳು. ಒಬ್ಬಳ ಓದು ಇನ್ನೊಬ್ಬಳ ಜ್ವರದ ಮೇಲೆ ನಿಲ್ಲಬಾರದು ಎಂದು ಆಗ ಅನಿಸಿತ್ತು. ಇವತ್ತಿಗೂ ಆ ಖಾಲಿ ಪುಟ ಕಣ್ಣ ಮುಂದೆ ಬರುತ್ತದೆ.

#33 ನೇರನುಡಿ

ಪಕ್ಕದ ಬೆಂಚು, ನಿಮ್ಮ ಮಾತು ನಾಟಿತು. ಎರಡು ವಿಷಯಕ್ಕೆ, ಬೆಳಿಗ್ಗೆ ಎರಡು ಗಂಟೆ ಎಂದರೆ ಕಾಲೇಜಿನ ಕೈಗೆ ಎಟುಕುವ ಲೆಕ್ಕವೇ. ನಮ್ಮ ಕಾಲೇಜು ಅಭಿವೃದ್ಧಿ ಸಮಿತಿಯಲ್ಲಿ ನಾನಿದ್ದೇನೆ. ಇಂಥ ಅರ್ಜಿ ಬಂದರೆ ಮೊದಲು ಪರವಾಗಿ ಮಾತಾಡುವವನು ನಾನೇ. ಹೇಮಾವತಿ ಅವರೇ, ನಿಮ್ಮ ಕಾಲೇಜಿನ ಸಮಿತಿ ಸದಸ್ಯರನ್ನೂ ಹಿಡಿಯಿರಿ. ಪ್ರಿನ್ಸಿಪಾಲರೊಬ್ಬರ ಕೈಯಲ್ಲಿ ಇರುವುದಿಲ್ಲ.

#34 ಹೇಮಾವತಿ_ದಂಡೆ

ಆರು ವಾರದ ಮೇಲೆ ಬರೆಯುತ್ತಿದ್ದೇನೆ. ಅರ್ಜಿ ಕೊಟ್ಟೆವು, 16ನೇ ಸೆಕ್ಷನ್ ಹಾಕಿ. ತಂಗಿಯೇ ಸಹಿ ಮಾಡಿದಳು. ಮೊದಲ ಸಲ "ನೋಡೋಣ" ಎಂದರು. ಸಮಿತಿಯ ಇಬ್ಬರನ್ನು ಕಂಡೆವು. ಮೂರನೇ ಸಲ ಒಪ್ಪಿದರು. ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡು ಗಂಟೆ, ಅಕೌಂಟೆನ್ಸಿ ಮತ್ತು ಅರ್ಥಶಾಸ್ತ್ರ. ಸದ್ಯಕ್ಕೆ ಒಬ್ಬರೇ ಇಂಟರ್‌ಪ್ರಿಟರ್, ಎರಡು ದಿನ ಬಂದು, ಎರಡು ದಿನ ವಿಡಿಯೋ ಕಾಲ್‌ನಲ್ಲಿ. ನೆಟ್ ಕೈಕೊಟ್ಟರೆ ಪಾಠ ಹೋಗುತ್ತದೆ. ಎರಡನೆಯವರಿಗಾಗಿ ಮತ್ತೆ ಬರೆದಿದ್ದೇವೆ. ಮುಂದಿನ ವರ್ಷದ ದುಡ್ಡಿನ ಬಗ್ಗೆ ಏನೂ ಬರೆದು ಕೊಟ್ಟಿಲ್ಲ, ಅದು ಬಾಕಿ ಇದೆ.

ನಿನ್ನೆ ತಂಗಿ ಕ್ಲಾಸಿನಲ್ಲಿ ಕೈ ಎತ್ತಿದಳಂತೆ. ಬ್ಯಾಂಕಿಗೆ ಕಟ್ಟಿದ ಹಣವನ್ನು ಕ್ಯಾಶ್ ಬುಕ್ಕಿನ ಎರಡೂ ಕಡೆ ಯಾಕೆ ಬರೆಯಬೇಕು ಎಂದು ಕೇಳಿದಳು. ಸರ್ ಬೋರ್ಡ್ ಒರೆಸಿ ಮೊದಲಿಂದ ಹೇಳಿಕೊಟ್ಟರಂತೆ. ಹಿಂದಿನ ಬೆಂಚಿನ ಮೂವರು ಬಂದು, ನಮಗೂ ಅದೇ ಡೌಟ್ ಇತ್ತು ಎಂದರಂತೆ. ಊಟ ಆರಿದರೂ ಕೈ ನಿಲ್ಲಲಿಲ್ಲ, ಹೇಳುತ್ತಲೇ ಇದ್ದಳು. ಸರ್ ಯಾಕೆ ನಗುತ್ತಾರೆ ಎಂಬುದೂ ಈಗ ಗೊತ್ತಾಗಿದೆ. ಅವರ ಜೋಕುಗಳು ಅಷ್ಟೇನೂ ಚೆನ್ನಾಗಿಲ್ಲವಂತೆ.

#35 ಕೈಮಾತು

ಹೀಗೆ ಎರಡೂ ಕಡೆ ಬರೆಯುವ ಕಾಂಟ್ರಾ ಎಂಟ್ರಿಗೆ ತಂಗಿ ಮತ್ತು ಇಂಟರ್‌ಪ್ರಿಟರ್ ಇಬ್ಬರೂ ಯಾವ ಸನ್ನೆ ಮಾಡಿಕೊಂಡಿದ್ದಾರೆ? ಕೇಳಿ ಹೇಳಿ. ನಮ್ಮ ಆಫೀಸಿನ ಅಕೌಂಟ್ಸ್‌ನಲ್ಲಿ ಇಬ್ಬರು ಕಿವುಡರಿದ್ದಾರೆ, ಅವರು ಇನ್ನೂ ಬೆರಳಿನಲ್ಲೇ ಅಕ್ಷರ ಬಿಡಿಸುತ್ತಿದ್ದಾರೆ.

#36 ಹೇಮಾವತಿ_ದಂಡೆ

ಎರಡು ಅಂಗೈ ಎದುರುಬದುರು ಹಿಡಿದು, ಒಂದರ ಜಾಗಕ್ಕೆ ಇನ್ನೊಂದು ಬರುವ ಹಾಗೆ ಅಡ್ಡ ದಾಟಿಸುತ್ತಾಳೆ. ವಿಡಿಯೋ ಮಾಡಿ ಕಳಿಸುತ್ತಾಳಂತೆ.